ಮಕ್ಕಳ ನಿದ್ದೆ: ತೊಟ್ಟಿಲಿನಿಂದ ಎಸ್ಸೆಸ್ಸೆಲ್ಸಿವರೆಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಪತ್ರಗಳಲ್ಲಿ, ಫೋನಿನಲ್ಲಿ, ನಾಮಕರಣದ ಮನೆಯ ಊಟದ ಪಂಕ್ತಿಯಲ್ಲಿ ಕೂಡ ಬರುವ ಪ್ರಶ್ನೆಗಳಿವು. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ನಿಮಗೆ ಬೇಕಾದ ಪ್ರಶ್ನೆಯನ್ನಷ್ಟೇ ಓದಿದರೂ ಸಾಕು. ದಿನ ತುಂಬುವ ಮೊದಲೇ ಹುಟ್ಟಿದ, ತೂಕ ಕಡಿಮೆಯಿರುವ ಅಥವಾ ಬೇರೆ ಕಾಯಿಲೆಯಿರುವ ಮಕ್ಕಳ ವಿಷಯದಲ್ಲಿ ನಿಮ್ಮ ವೈದ್ಯರು ಹೇಳಿದ್ದೇ ಮೊದಲು, ಇಲ್ಲಿಯದು ಆಮೇಲೆ.

## ಮೊದಲಿಗೆ

ಎಷ್ಟು ವಯಸ್ಸಿನ ಮಗುವಿಗೆ ಎಷ್ಟು ಗಂಟೆ ನಿದ್ದೆ ಬೇಕು? ಲೆಕ್ಕ ಹೇಳಿ.

ಐದು ವರ್ಷದೊಳಗಿನವರಿಗೆ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕೊಟ್ಟ ಲೆಕ್ಕ ಹೀಗಿದೆ: ಮೊದಲ ಮೂರು ತಿಂಗಳು ದಿನಕ್ಕೆ 14ರಿಂದ 17 ಗಂಟೆ, 4ರಿಂದ 11 ತಿಂಗಳವರೆಗೆ 12ರಿಂದ 16, ಒಂದು-ಎರಡು ವರ್ಷದವರಿಗೆ 11ರಿಂದ 14, ಮೂರು-ನಾಲ್ಕು ವರ್ಷದವರಿಗೆ 10ರಿಂದ 13. ದೊಡ್ಡ ಮಕ್ಕಳಿಗೆ ಅಮೆರಿಕದ ನಿದ್ರಾವೈದ್ಯರ ಅಕಾಡೆಮಿ 2016ರಲ್ಲಿ ಹೇಳಿದ್ದು: 6ರಿಂದ 12 ವರ್ಷಕ್ಕೆ 9ರಿಂದ 12 ಗಂಟೆ, 13ರಿಂದ 18 ವರ್ಷಕ್ಕೆ 8ರಿಂದ 10. ಇದೆಲ್ಲ ಹಗಲು, ರಾತ್ರಿ ಸೇರಿಸಿದ ಲೆಕ್ಕ. ಪಕ್ಕದ ಮನೆಯ ಕೂಸು 16 ಗಂಟೆ ಮಲಗಿ ನಿಮ್ಮದು 13 ಗಂಟೆ ಮಲಗಿದರೆ ಎರಡೂ ಸರಿಯೇ ಇರಬಹುದು. ಎರಡನೇ ತರಗತಿಯ ಮಗು ದಿನಾ ಏಳೂವರೆ ಗಂಟೆ ಮಲಗುತ್ತಿದ್ದರೆ ಮಾತ್ರ ಅದನ್ನು ‘ಅದರ ಸ್ವಭಾವ’ ಎನ್ನಬೇಡಿ.

ನಿದ್ದೆ ಕಡಿಮೆಯಾದ್ರೆ ಅಂಥದ್ದೇನಾಗುತ್ತೆ? ನಮ್ಮ ಕಾಲದಲ್ಲಿ ಯಾರೂ ಗಂಟೆ ಎಣಿಸ್ತಿರಲಿಲ್ಲ.

ನಿಮ್ಮ ಕಾಲದಲ್ಲಿ ಎಣಿಸಬೇಕಾಗಿರಲಿಲ್ಲ. ಎಂಟಕ್ಕೆ ಊಟ ಮುಗಿದರೆ ಕತ್ತಲಲ್ಲಿ ಮಾಡಲು ಬೇರೇನೂ ಇರಲಿಲ್ಲ. ವಿದ್ಯುದ್ದೀಪ, ಟೀವಿ, ಮೊಬೈಲು, ಊರಾಚೆಯ ಶಾಲೆಯ ಬಸ್ಸು ಇವೆಲ್ಲ ಬಂದ ಮೇಲೆ ನಿದ್ದೆ ಎರಡೂ ತುದಿಯಿಂದ ಸವೆಯಿತು.

ಬೆಳವಣಿಗೆಯ ಹಾರ್ಮೋನು ಹೆಚ್ಚಾಗಿ ಸ್ರವಿಸುವುದು ರಾತ್ರಿಯ ಮೊದಲ ಭಾಗದ ಗಾಢ ನಿದ್ದೆಯಲ್ಲಿ. ಹಗಲು ಕಲಿತದ್ದು ಮಿದುಳಿನಲ್ಲಿ ಗಟ್ಟಿಯಾಗುವುದೂ ನಿದ್ದೆಯಲ್ಲೇ. ಇಸ್ರೇಲಿನಲ್ಲಿ ನಡೆದು 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ನಾಲ್ಕು ಮತ್ತು ಆರನೇ ತರಗತಿಯ ಮಕ್ಕಳಲ್ಲಿ ಕೆಲವರಿಗೆ ಮೂರು ರಾತ್ರಿ ಒಂದು ಗಂಟೆ ಬೇಗ, ಉಳಿದವರಿಗೆ ಒಂದು ಗಂಟೆ ತಡವಾಗಿ ಮಲಗಲು ಹೇಳಿದರು. ಆಮೇಲೆ ಗಮನ ಮತ್ತು ನೆನಪಿನ ಪರೀಕ್ಷೆ ಕೊಟ್ಟರೆ ಎರಡು ಗುಂಪಿನ ನಡುವೆ ವ್ಯತ್ಯಾಸ ಎದ್ದು ಕಂಡಿತು. ಇಡೀ ರಾತ್ರಿ ಎಚ್ಚರವಿರಿಸಿದ್ದಲ್ಲ, ಬರೀ ಒಂದು ಗಂಟೆಯ ಹೆಚ್ಚುಕಡಿಮೆ. ನಮ್ಮ ಮನೆಗಳಲ್ಲಿ ಒಂದು ಧಾರಾವಾಹಿ, ಅದರ ಹಿಂದೆ ಸ್ವಲ್ಪ ಮೊಬೈಲು ಅಂದರೆ ಆ ಒಂದು ಗಂಟೆ ಮುಗಿದೇಹೋಯಿತು.

ನನ್ನ ಮಗಳು ಚುರುಕಾಗೇ ಇರ್ತಾಳೆ. ನಿದ್ದೆ ಸಾಲ್ತಿಲ್ಲ ಅಂತ ಹೇಗೆ ಗೊತ್ತಾಗ್ಬೇಕು?

ನಿದ್ದೆಗೆಟ್ಟ ದೊಡ್ಡವರು ತೂಕಡಿಸುತ್ತಾರೆ. ನಿದ್ದೆಗೆಟ್ಟ ಮಕ್ಕಳು ಹಲವು ಸಲ ಅದಕ್ಕೆ ತದ್ವಿರುದ್ಧವಾಗಿ ಕುಣಿಯುತ್ತಾರೆ, ಹಟ ಮಾಡುತ್ತಾರೆ, ಸಣ್ಣದಕ್ಕೂ ಅಳುತ್ತಾರೆ. ರಾತ್ರಿ ಹತ್ತಕ್ಕೆ ಸೋಫಾದಿಂದ ಸೋಫಾಕ್ಕೆ ಹಾರುವ ಮಗುವಿಗೆ ‘ನಿದ್ದೆಯೇ ಬಂದಿಲ್ಲ’ ಎಂದುಕೊಳ್ಳುತ್ತೇವೆ. ಅದರ ನಿದ್ದೆಯ ಹೊತ್ತು ಎಂಟೂವರೆಗೇ ಬಂದು ಹೋಗಿರುತ್ತದೆ. ಬೆಳಿಗ್ಗೆ ದಿನಾ ಎಬ್ಬಿಸಲೇಬೇಕೇ? ಶಾಲೆಯ ಬಸ್ಸು ಹತ್ತಿದ ಕೂಡಲೇ ಕುತ್ತಿಗೆ ವಾಲುತ್ತದೆಯೇ? ಭಾನುವಾರ ಎರಡು ಗಂಟೆ ಹೆಚ್ಚು ಮಲಗುತ್ತಾಳೆಯೇ? ಹೌದಾದರೆ ಸಾಲುತ್ತಿಲ್ಲ ಎಂದೇ ಅರ್ಥ.

## ಹಾಲುಗೂಸಿನ ಕಾಲ

ಹಗಲೆಲ್ಲ ಮಲಗಿ ರಾತ್ರಿಯೆಲ್ಲ ಎದ್ದಿರುತ್ತೆ. ಹಗಲು-ರಾತ್ರಿ ಅದಲುಬದಲಾಗಿಬಿಟ್ಟಿದೆಯಾ?

ಅದಲುಬದಲಾಗಲು ಅದಕ್ಕಿನ್ನೂ ಹಗಲು-ರಾತ್ರಿಯ ಲೆಕ್ಕವೇ ಹುಟ್ಟಿಲ್ಲ. ದೇಹದೊಳಗಿನ ಗಡಿಯಾರ ಕೂಡಿಕೊಳ್ಳಲು ಎರಡರಿಂದ ನಾಲ್ಕು ತಿಂಗಳು ಬೇಕು. ಅಲ್ಲಿಯವರೆಗೆ ತಾಯಿಯ ರಾತ್ರಿಯ ಹಾಲಿನಲ್ಲಿರುವ ಮೆಲಟೋನಿನ್ ಎಂಬ, ಕತ್ತಲಾದಾಗ ಸ್ರವಿಸಿ ನಿದ್ದೆಗೆ ಕರೆಯುವ ಹಾರ್ಮೋನು ಮಗುವಿಗೆ ಸ್ವಲ್ಪ ಸುಳಿವು ಕೊಡುತ್ತದೆ. ನೀವು ಮಾಡಬಹುದಾದದ್ದು ಇಷ್ಟೇ: ಹಗಲಲ್ಲಿ ಕೋಣೆಗೆ ಬೆಳಕು ಬರಲಿ, ಮನೆಯ ಸದ್ದು ಇರಲಿ, ಮಗುವಿನ ಜೊತೆ ಮಾತಾಡಿ. ರಾತ್ರಿ ಹಾಲು ಕೊಡುವಾಗ, ಬಟ್ಟೆ ಬದಲಿಸುವಾಗ ಮಂದ ದೀಪ ಸಾಕು, ಮಾತು ಕಡಿಮೆ. ಬಾಣಂತಿಯ ಕೋಣೆಯನ್ನು ಹಗಲಿಡೀ ಕತ್ತಲು ಮಾಡಿಡುವ ಪದ್ಧತಿ ಕೆಲವು ಮನೆಗಳಲ್ಲಿದೆ. ಅದು ಈ ಕಲಿಕೆಯನ್ನು ತಡಮಾಡುತ್ತದೆ.

ನಿದ್ದೆಯಲ್ಲೇ ನಗುತ್ತೆ, ಮುಲುಗುತ್ತೆ, ಮುಖ ಕಿವುಚುತ್ತೆ. ಅಜ್ಜಿ ‘ದೇವರು ಆಡಿಸ್ತಿದ್ದಾನೆ’ ಅಂತಾರೆ.

ಅಜ್ಜಿಯ ಮಾತು ಹಾಗೇ ಇರಲಿ. ನವಜಾತ ಶಿಶುವಿನ ನಿದ್ದೆಯಲ್ಲಿ ಸುಮಾರು ಅರ್ಧ ಭಾಗ, ಮುಚ್ಚಿದ ರೆಪ್ಪೆಯೊಳಗೆ ಕಣ್ಣಾಲಿ ಓಡಾಡುವ ಚಟುವಟಿಕೆಯ ನಿದ್ದೆ. ದೊಡ್ಡವರಲ್ಲಿ ಅದು ಕಾಲುಭಾಗಕ್ಕಿಂತ ಹೆಚ್ಚಿಲ್ಲ. ಈ ಹೊತ್ತಿನಲ್ಲಿ ಕೂಸು ಮುಲುಗಿದರೆ ಎದ್ದಿತೆಂದು ತಕ್ಷಣ ಎತ್ತಿಕೊಂಡುಬಿಡುತ್ತೇವೆ. ಹಾಗೆ ಎಬ್ಬಿಸಿದವರು ನಾವೇ. ಅರೆನಿಮಿಷ ಕಾದು ನೋಡಿ, ಬಹಳ ಸಲ ಮತ್ತೆ ತಾನೇ ನಿದ್ದೆಗೆ ಜಾರುತ್ತದೆ.

ತೊಟ್ಟಿಲು, ಜೋಲಿ, ನೆಲದ ಹಾಸಿಗೆ. ಎಲ್ಲಿ ಮಲಗಿಸೋದು ಒಳ್ಳೇದು?

ಎಲ್ಲಿ ಎನ್ನುವುದಕ್ಕಿಂತ ಹೇಗೆ ಎನ್ನುವುದು ಮುಖ್ಯ: ಒಂದು ವರ್ಷ ತುಂಬುವವರೆಗೆ ಪ್ರತಿ ಸಲವೂ ಅಂಗಾತ, ಗಟ್ಟಿಯಾದ ಸಮತಟ್ಟು ಹಾಸಿನ ಮೇಲೆ, ಮುಖದ ಹತ್ತಿರ ಮೆತ್ತನೆಯದು ಏನೂ ಇಲ್ಲದಂತೆ. ಅಮೆರಿಕದಲ್ಲಿ 1994ರಲ್ಲಿ ಅಂಗಾತ ಮಲಗಿಸುವ ಅಭಿಯಾನ ಶುರುವಾದ ಮೇಲೆ, ನಿದ್ದೆಯಲ್ಲಿ ಕಾರಣವಿಲ್ಲದೆ ಶಿಶುಗಳು ಸಾಯುವ ಪ್ರಕರಣಗಳು ಮುಂದಿನ ವರ್ಷಗಳಲ್ಲಿ ಸುಮಾರು ಅರ್ಧಕ್ಕಿಳಿದವು. ಕಕ್ಕಿದರೆ ಗಂಟಲಿಗೆ ಸಿಕ್ಕಿಕೊಳ್ಳುವುದಿಲ್ಲವೇ ಎಂದು ಎಲ್ಲ ಅಜ್ಜಿಯರೂ ಕೇಳುತ್ತಾರೆ. ಅಂಗಾತ ಮಲಗಿದಾಗ ಶ್ವಾಸನಾಳ ಮೇಲೆ, ಅನ್ನನಾಳ ಕೆಳಗೆ ಇರುತ್ತದೆ. ಕಕ್ಕಿದ್ದು ಮೇಲಕ್ಕೆ ಹರಿದು ಶ್ವಾಸನಾಳ ಸೇರುವುದು ಬೋರಲು ಮಲಗಿದಾಗಿಗಿಂತ ಕಷ್ಟ. ಮಗು ತಾನೇ ಎರಡೂ ಕಡೆ ಮಗುಚಿಕೊಳ್ಳಲು ಕಲಿತ ಮೇಲೆ ಅಂಗಾತವೇ ಮಲಗಿಸಿ, ಆಮೇಲೆ ಅದು ಹೇಗೆ ತಿರುಗಿಕೊಂಡರೂ ಬಿಟ್ಟುಬಿಡಿ.

ಹಲಗೆಯ ತಳವಿರುವ ಮರದ ತೊಟ್ಟಿಲು ಒಳ್ಳೆಯದೇ. ನೆಲದ ಮೇಲೆ ಚಾಪೆ, ಅದರ ಮೇಲೆ ಬಿಗಿಯಾದ ತೆಳು ಹಾಸಿಗೆ ಇನ್ನೂ ಒಳ್ಳೆಯದು, ಬೀಳುವ ಭಯವಿಲ್ಲ. ಸೀರೆಯ ಜೋಲಿಯ ವಿಷಯ ಬೇರೆ. ಅದರಲ್ಲಿ ಬೆನ್ನು ಬಾಗಿ ಗಲ್ಲ ಎದೆಗೊತ್ತಿಕೊಳ್ಳುತ್ತದೆ, ಎಳೆಗೂಸಿಗೆ ಉಸಿರುದಾರಿ ಕಿರಿದಾಗುತ್ತದೆ. ಜೋಲಿಯಲ್ಲಿ ತೂಗಿದರೆ ಕಣ್ಣಳತೆಯಲ್ಲೇ ಇರಲಿ, ನಿದ್ದೆ ಹತ್ತಿದ ಮೇಲೆ ಸಮತಟ್ಟು ಜಾಗಕ್ಕೆ ಬದಲಿಸಿ. ಇನ್ನೊಂದು ಮಾತು: ಖಾಲಿ ಜೋಲಿಯನ್ನು ಹಾಗೇ ನೇತುಬಿಡಬೇಡಿ. ದೊಡ್ಡ ಮಕ್ಕಳು ಅದರಲ್ಲಿ ಸುತ್ತಿ ಆಡುತ್ತ ಕುತ್ತಿಗೆ ಬಿಗಿದು ಸತ್ತ ಘಟನೆಗಳು ನಮ್ಮ ದೇಶದಲ್ಲಿ ನಡೆದಿವೆ.

ತಲೆ ಗುಂಡಗಾಗ್ಲಿ ಅಂತ ಸಾಸಿವೆ ದಿಂಬು ಇಡ್ತೀವಿ. ಅದೂ ಬೇಡ್ವಾ?

ಬೇಡ. ಒಂದು ವರ್ಷದೊಳಗೆ ಯಾವ ದಿಂಬೂ ಬೇಡ, ಸಾಸಿವೆಯದಾಗಲಿ ರಾಗಿಯದಾಗಲಿ ಹತ್ತಿಯದಾಗಲಿ. ತಲೆ ಒಂದು ಕಡೆ ಚಪ್ಪಟೆಯಾಗದಿರಲು ಎಚ್ಚರವಿದ್ದಾಗ, ನೀವು ನೋಡುತ್ತಿರುವಾಗ ಹೊಟ್ಟೆಯ ಮೇಲೆ ಆಡಿಸಿ. ಮಲಗಿಸುವಾಗ ಒಂದು ದಿನ ತಲೆ ಈ ತುದಿಗೆ, ಮರುದಿನ ಆ ತುದಿಗೆ ಇಡಿ. ಸಣ್ಣ ಚಪ್ಪಟೆ ಕುಳಿತುಕೊಳ್ಳಲು ಕಲಿತ ಮೇಲೆ ತಾನೇ ಸರಿಹೋಗುತ್ತದೆ.

ಕುಲಾವಿ, ಸಾಂಬ್ರಾಣಿ ಹೊಗೆ, ಸೊಳ್ಳೆಬತ್ತಿ: ಇದೆಲ್ಲ ಇದ್ರೇನೇ ಮಗು ಬೆಚ್ಚಗೆ ಮಲಗೋದು ಅಂತಾರೆ ಅತ್ತೆ.

ಶಿಶು ಮೈಶಾಖದ ದೊಡ್ಡ ಪಾಲನ್ನು ಹೊರಹಾಕುವುದು ತಲೆಯಿಂದ. ಏಪ್ರಿಲ್ ತಿಂಗಳ ರಾಯಚೂರಿನಲ್ಲಿ ಕುಲಾವಿ ಕಟ್ಟಿ ಎರಡು ಪದರ ಹೊದಿಸಿದರೆ ಮಗು ಬೇಯುತ್ತದೆ. ಮೈ ಅತಿಯಾಗಿ ಕಾಯುವುದು ನಿದ್ದೆಯಲ್ಲಿನ ಸಾವಿನ ಅಪಾಯಗಳಲ್ಲೊಂದು. ಮಡಿಕೇರಿಯ ಮಳೆಗಾಲದ ಮಾತು ಬೇರೆ, ಆದರೂ ಮನೆಯೊಳಗೆ ಮಲಗಿದಾಗ ಟೋಪಿ ಬೇಡ, ಮೈಗೆ ಒಂದು ಅಂಗಿ ಹೆಚ್ಚು ಹಾಕಿ. ಬೆವರು, ಬಿಸಿ ಎದೆ ಕಂಡರೆ ಒಂದು ಪದರ ತೆಗೆಯಿರಿ. ಕೈಕಾಲು ತುಸು ತಣ್ಣಗಿರುವುದು ಸಹಜ.

ಸಾಂಬ್ರಾಣಿಯ ಪರಿಮಳದ ಮೇಲೆ ನನಗೂ ಪ್ರೀತಿಯಿದೆ. ಆದರೆ ಹೊಗೆ ಹೊಗೆಯೇ, ಶಿಶುವಿನ ಶ್ವಾಸಕೋಶಕ್ಕೆ ಅದರ ಪಾವಿತ್ರ್ಯ ತಿಳಿಯದು. ಸೊಳ್ಳೆಬತ್ತಿಗೂ ಇದೇ ಮಾತು. ಪರದೆ ಕಟ್ಟಿ. ಅದೂ ರಾತ್ರಿ ಮಾತ್ರವಲ್ಲ: ಡೆಂಗಿ ಹರಡುವ ಈಡಿಸ್ ಸೊಳ್ಳೆ ಕಚ್ಚುವುದು ಹಗಲಲ್ಲಿ, ಮಗುವಿನ ಹಗಲು ನಿದ್ದೆಗೂ ಪರದೆ ಬೇಕು.

ಪಕ್ಕದಲ್ಲೇ ಮಲಗಿಸ್ಕೊಳ್ಳೋದು ತಪ್ಪಾ? ಅಮೆರಿಕದಲ್ಲಿರೋ ಅಕ್ಕ ಬೇರೆ ಕೋಣೆಗೆ ಹಾಕು ಅಂತಾಳೆ.

ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯೇ ಮೊದಲ ಆರು ತಿಂಗಳಾದರೂ ಅಪ್ಪ-ಅಮ್ಮನ ಕೋಣೆಯಲ್ಲೇ ಮಲಗಿಸಿ, ಆದರೆ ಬೇರೆ ಹಾಸಿನ ಮೇಲೆ ಎನ್ನುತ್ತದೆ. ಹಾಗಾಗಿ ಅಕ್ಕ ಅಲ್ಲಿಯ ಲೆಕ್ಕದಲ್ಲೂ ಅರ್ಧ ತಪ್ಪು. ನಿಮ್ಮ ಹಾಸಿಗೆಗೆ ತಾಗಿದ ತೊಟ್ಟಿಲು, ಇಲ್ಲವೇ ನೆಲದ ಮೇಲೆ ಅಕ್ಕಪಕ್ಕದ ಎರಡು ಹಾಸಿಗೆ, ಇದು ನಮ್ಮ ಮನೆಗಳಲ್ಲಿ ಸುಲಭ. ಒಂದೇ ಹಾಸಿಗೆ ಎನ್ನುವವರು ಅಪಾಯ ಎಲ್ಲಿ ಹೆಚ್ಚೆಂದು ತಿಳಿದಿರಬೇಕು: ಮಲಗುವವರಲ್ಲಿ ಯಾರಾದರೂ ಸಿಗರೇಟು-ಬೀಡಿ ಸೇದಿದ್ದರೆ, ಕುಡಿದಿದ್ದರೆ, ಮಂಪರು ತರುವ ಮಾತ್ರೆ ನುಂಗಿದ್ದರೆ, ಮಗು ದಿನ ತುಂಬದೆ ಹುಟ್ಟಿದ್ದರೆ ಅಥವಾ ನಾಲ್ಕು ತಿಂಗಳೊಳಗಿನದಾದರೆ, ಹಾಸಿಗೆ ಹೂತುಹೋಗುವಷ್ಟು ಮೆತ್ತಗಿದ್ದರೆ. ಮಗುವನ್ನು ಎದೆಗಪ್ಪಿಕೊಂಡು ಸೋಫಾದಲ್ಲಿ ನಿದ್ದೆ ಹೋಗುವುದು ಇವೆಲ್ಲಕ್ಕಿಂತ ಅಪಾಯ. ರಾತ್ರಿ ಹಾಲೂಡಿಸುವಾಗ ಕಣ್ಣೆಳೆಯುವಂತಿದ್ದರೆ ಸೋಫಾ ಬಿಟ್ಟು ಹಾಸಿಗೆಗೆ ಬನ್ನಿ.

ಎತ್ಕೊಂಡ್ರೆ ನಿದ್ದೆ, ಮಲಗಿಸಿದ್ರೆ ಅಳು. ಬೆನ್ನು ಬಿದ್ದುಹೋಗಿದೆ.

ಜಪಾನಿನ ರಿಕೆನ್ ಸಂಸ್ಥೆಯವರು 2022ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆಂದೇ ಮಾಡಿದಂತಿದೆ. ಅಳುವ ಕೂಸನ್ನು ಎತ್ತಿಕೊಂಡು ನಿಲ್ಲದೆ ಐದು ನಿಮಿಷ ಒಂದೇ ಹದದಲ್ಲಿ ನಡೆಯಿರಿ. ನಿದ್ದೆ ಹತ್ತಿದ ಮೇಲೆ ಕೂಡಲೇ ಮಲಗಿಸಬೇಡಿ, ಎತ್ತಿಕೊಂಡೇ ಐದರಿಂದ ಎಂಟು ನಿಮಿಷ ಕುಳಿತುಕೊಳ್ಳಿ, ಆಮೇಲೆ ಮಲಗಿಸಿ. ಅವರು ಕಂಡದ್ದು: ಬೆನ್ನು ಹಾಸಿಗೆಗೆ ತಾಗುವುದಕ್ಕಿಂತ, ದೊಡ್ಡವರ ಮೈಯಿಂದ ಬೇರೆಯಾಗುವ ಕ್ಷಣವೇ ಮಗುವನ್ನು ಎಚ್ಚರಿಸುತ್ತದೆ. ಆ ಎಂಟು ನಿಮಿಷ ಅಪ್ಪನೂ ಕೂರಬಹುದು.

ನಾಲ್ಕು ತಿಂಗಳ ತನಕ ಚೆನ್ನಾಗಿತ್ತು, ಈಗ ಗಂಟೆಗೊಂದ್ಸಲ ಏಳುತ್ತೆ. ಹಾಲು ಸಾಲ್ತಿಲ್ವಾ? ರಾಗಿ ಸರಿ ಶುರು ಮಾಡ್ಲಾ?

ಈ ವಯಸ್ಸಿಗೆ ನಿದ್ದೆಯ ರಚನೆಯೇ ಬದಲಾಗುತ್ತದೆ. ಹಗುರ, ಗಾಢ ಎಂಬ ಹಂತಗಳು ದೊಡ್ಡವರಲ್ಲಿರುವಂತೆ ಬೇರೆಬೇರೆಯಾಗುತ್ತವೆ, ಒಂದು ಸುತ್ತು ಮುಗಿದಾಗಲೆಲ್ಲ ಅರೆ ಎಚ್ಚರವಾಗುತ್ತದೆ. ತೂಕ ಸರಿಯಾಗಿ ಏರುತ್ತಿದ್ದರೆ ಹಾಲು ಸಾಲುತ್ತಿದೆ ಎಂದೇ ಲೆಕ್ಕ. ರಾಗಿ ಸರಿ ಆರು ತಿಂಗಳು ತುಂಬಿದ ಮೇಲೆ, ಹಸಿವಿಗಾಗಿ. ನಿದ್ದೆಯ ಔಷಧಿಯಾಗಿ ಅಲ್ಲ. ಪೂರ್ತಿ ನಿದ್ದೆ ಹತ್ತುವ ಮೊದಲೇ, ಕಣ್ಣು ತೂಗುತ್ತಿರುವಾಗಲೇ ದಿನಕ್ಕೆ ಒಂದು ಸಲವಾದರೂ ಹಾಸಿಗೆಗೆ ಬಿಡಿ. ತಾನಾಗಿ ನಿದ್ದೆಗೆ ಜಾರುವುದು ಹಾಗೇ ಅಭ್ಯಾಸವಾಗುತ್ತದೆ.

ನಿದ್ದೆ ಬರ್ಲಿ ಅಂತ ಜಾಯಿಕಾಯಿ ತೇಯ್ದು ನೆಕ್ಕಿಸ್ಬಹುದಾ? ಬಸ್ಸಲ್ಲಿ ಹೋಗುವಾಗ ಶೀತದ ಸಿರಪ್ಪು?

ಎರಡೂ ಕೂಡದು. ಜಾಯಿಕಾಯಿ ಪ್ರಮಾಣ ಮೀರಿದರೆ ವಿಷ, ತೇಯುವ ಕಲ್ಲಿನ ಮೇಲೆ ಪ್ರಮಾಣ ಅಳೆಯುವವರು ಯಾರು? ಜೇನುತುಪ್ಪವೂ ಒಂದು ವರ್ಷದವರೆಗೆ ಬೇಡ, ಶಿಶುಗಳಲ್ಲಿ ಸ್ನಾಯುಗಳು ಸೋತುಹೋಗುವ ಬಾಟ್ಯುಲಿಸಂ ಎಂಬ ಕಾಯಿಲೆ ತರುವ ರೋಗಾಣು ಅದರಲ್ಲಿರಬಹುದು. ಶೀತದ ಸಿರಪ್ಪಿನ ಮಂಪರು ನಿದ್ದೆಯಲ್ಲ, ಔಷಧದ ಅಡ್ಡಪರಿಣಾಮ. ಕ್ಲೋರ್ಫೆನಿರಮೈನ್ ಮತ್ತು ಫಿನೈಲೆಫ್ರಿನ್ ಸೇರಿಸಿದ ಸಿರಪ್ಪುಗಳ ಮೇಲೆ ‘ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಬಳಸಬಾರದು’ ಎಂದು ಮುದ್ರಿಸಬೇಕೆಂದು ಭಾರತದ ಔಷಧ ನಿಯಂತ್ರಕರು 2023ರ ಡಿಸೆಂಬರಿನಲ್ಲಿ ಆದೇಶಿಸಿದ್ದಾರೆ. ಬಾಟಲಿ ತಿರುಗಿಸಿ ಓದಿ.

## ಅಂಗನವಾಡಿಯಿಂದ ಶಾಲೆಯವರೆಗೆ

ನಮ್ಮ ಹುಡುಗ ರಾತ್ರಿ ಹನ್ನೊಂದಾದ್ರೂ ಮಲಗಂಗಿಲ್ರಿ. ಏನ್ ಮಾಡೂದು?

ಮೊದಲು ಒಂದು ಎದುರು ಪ್ರಶ್ನೆ: ಹನ್ನೊಂದಕ್ಕೆ ನಿಮ್ಮ ಮನೆಯಲ್ಲಿ ಬೇರೆ ಯಾರು ಮಲಗಿರುತ್ತಾರೆ? ಹತ್ತರಲ್ಲಿ ಒಂಬತ್ತು ಮನೆಗಳಲ್ಲಿ ಉತ್ತರ ‘ಯಾರೂ ಇಲ್ಲ’. ಊಟ ಒಂಬತ್ತೂವರೆಗೆ, ಟೀವಿ ನಡೆಯುತ್ತಿರುತ್ತದೆ, ನಡುಮನೆಯ ಟ್ಯೂಬ್‌ಲೈಟು ಉರಿಯುತ್ತಿರುತ್ತದೆ, ಅದರ ನಡುವೆ ಮಗು ಮಾತ್ರ ‘ಹೋಗಿ ಮಲಗು’ ಎಂಬ ಮಾತು ಕೇಳಬೇಕು. ಮಗುವಿನ ನಿದ್ದೆ ಕೆಟ್ಟಿದೆ ಎಂದು ನನ್ನ ಬಳಿ ಬರುವ ಬಹುಪಾಲು ಪ್ರಶ್ನೆಗಳು ನಿಜವಾಗಿ ಮನೆಯ ಸಂಜೆಯ ಬಗೆಗಿನವು. ಇದನ್ನು ಹೇಳಿದರೆ ಅಪ್ಪ-ಅಮ್ಮಂದಿರಿಗೆ ಅಷ್ಟು ಹಿತವಾಗುವುದಿಲ್ಲ.

ದಾರಿ ಬೆಳಿಗ್ಗೆಯಿಂದ ಶುರು. ಮಲಗಿಸುವ ಹೊತ್ತನ್ನು ಹಿಡಿದು ಜಗ್ಗಾಡಬೇಡಿ, ಏಳುವ ಹೊತ್ತನ್ನು ಮೊದಲು ಗಟ್ಟಿಮಾಡಿ. ರಜೆಯಿರಲಿ, ಶಾಲೆಯಿರಲಿ ಆರೂವರೆ ಅಂದರೆ ಆರೂವರೆ. ಎದ್ದ ಕೂಡಲೇ ಅಂಗಳದ ಇಲ್ಲವೇ ಟೆರೇಸಿನ ಬಿಸಿಲಿಗೆ ಒಂದಷ್ಟು ಹೊತ್ತು. ಬೆಳಗಿನ ಬೆಳಕು ದೇಹದ ಗಡಿಯಾರವನ್ನು ಮುಂದೆ ತರುತ್ತದೆ, ನಿದ್ದೆ ಬೇಗ ಬರುತ್ತದೆ; ರಾತ್ರಿಯ ಬೆಳಕು ಹಿಂದಕ್ಕೆ ತಳ್ಳುತ್ತದೆ, ನಿದ್ದೆ ತಡವಾಗುತ್ತದೆ. ಅಮೆರಿಕದ ಕೊಲರಾಡೊದಲ್ಲಿ 3ರಿಂದ 5 ವರ್ಷದ ಮಕ್ಕಳಿಗೆ ಮಲಗುವ ಮೊದಲಿನ ಒಂದು ಗಂಟೆ ಪ್ರಖರ ಬೆಳಕಿನಲ್ಲಿ ಆಡಲು ಬಿಟ್ಟಾಗ ಅವರ ಮೆಲಟೋನಿನ್ ಶೇ 88ರಷ್ಟು ಕುಸಿಯಿತು, ದೀಪ ಆರಿಸಿ 50 ನಿಮಿಷವಾದರೂ ಮೇಲೇಳಲಿಲ್ಲ. 2018ರಲ್ಲಿ ಪ್ರಕಟವಾದ ಅಧ್ಯಯನ ಅದು. ಸಣ್ಣದು, ಹತ್ತು ಮಕ್ಕಳದು. ಆದರೂ ಮಗು ‘ನಿದ್ದೆ ಬರ್ತಿಲ್ಲ’ ಎಂದಾಗ ಸುಳ್ಳು ಹೇಳುತ್ತಿಲ್ಲ ಎಂಬುದಕ್ಕೆ ಸಾಕು.

ಆದ್ದರಿಂದ ಮಗುವಿನ ಊಟ ಏಳೂವರೆಗೆ, ನಿಮ್ಮದು ಆಮೇಲಾದರೂ ಸರಿ. ಎಂಟರ ಹೊತ್ತಿಗೆ ಟ್ಯೂಬ್‌ಲೈಟ್ ಆರಿಸಿ ಒಂದು ಸಣ್ಣ ಹಳದಿ ದೀಪ. ಆಮೇಲೆ ದಿನಾ ಅದೇ ಕ್ರಮ: ಕೈಕಾಲು ತೊಳೆಯುವುದು, ಹಲ್ಲುಜ್ಜುವುದು, ಒಂದು ಕಥೆ, ಹಾಸಿಗೆ. ಕಥೆ ಅದೇ ಆದರೂ ಮಕ್ಕಳಿಗೆ ಬೇಸರವಿಲ್ಲ, ಬೇಸರವಾಗುವುದು ಹೇಳುವವರಿಗೆ. ಹನ್ನೊಂದರಿಂದ ಒಂಬತ್ತಕ್ಕೆ ಒಂದೇ ದಿನದಲ್ಲಿ ಇಳಿಸಲಾಗದು. ಎರಡು ಮೂರು ದಿನಕ್ಕೊಮ್ಮೆ ಹದಿನೈದು ನಿಮಿಷ ಬೇಗ ಮಲಗಿಸುತ್ತ ಬನ್ನಿ.

ಅವರಪ್ಪ ಮನೆಗೆ ಬರೋದೇ ಒಂಬತ್ತೂವರೆಗೆ. ಬೇಗ ಮಲಗಿಸಿದ್ರೆ ಮಗು ಅಪ್ಪನ ಮುಖ ನೋಡೋದು ಯಾವಾಗ?

ಈ ಪುಟದಲ್ಲಿ ನನಗೆ ಅತಿ ಕಷ್ಟದ ಪ್ರಶ್ನೆ ಇದು. ಬೆಂಗಳೂರಿನ ಹೊರವರ್ತುಲ ರಸ್ತೆಯ ಸಂಚಾರಕ್ಕೆ ಮಕ್ಕಳ ವೈದ್ಯರ ಬಳಿ ಮದ್ದಿಲ್ಲ. ಸಾಧ್ಯವಿರುವುದು ಅಪ್ಪನ ಹೊತ್ತನ್ನು ಬೆಳಿಗ್ಗೆಗೆ ಸಾಗಿಸುವುದು: ಎಬ್ಬಿಸುವುದು, ಸ್ನಾನ, ತಿಂಡಿ, ಬಸ್ಸಿನವರೆಗೆ ಬಿಡುವುದು ಪೂರ್ತಿ ಅಪ್ಪನದೇ. ರಾತ್ರಿ ಒಂಬತ್ತೂವರೆಗೆ ಬಾಗಿಲು ತೆಗೆದು ಎತ್ತಿ ಗಾಳಿಗೆ ಹಾರಿಸಿ ಆಡಿಸಿದರೆ ಅಪ್ಪನಿಗೆ ಹದಿನೈದು ನಿಮಿಷದ ಸಂತೋಷ, ಅಮ್ಮನಿಗೆ ಒಂದೂವರೆ ಗಂಟೆಯ ಕೆಲಸ. ವಾರದಲ್ಲಿ ಎರಡು ದಿನವಾದರೂ ಬೇಗ ಬರಲು ಸಾಧ್ಯವಾದರೆ ಆ ದಿನದ ಕಥೆ ಅಪ್ಪ ಹೇಳಲಿ.

ಮಧ್ಯಾಹ್ನದ ನಿದ್ದೆ ಯಾವಾಗ ನಿಲ್ಲಿಸ್ಬೇಕು?

ನೀವು ನಿಲ್ಲಿಸಬೇಕಿಲ್ಲ. ಬಹಳಷ್ಟು ಮಕ್ಕಳು ಮೂರರಿಂದ ಐದು ವರ್ಷದೊಳಗೆ ತಾವೇ ಬಿಡುತ್ತಾರೆ. ಬಿಡದ ಮಗುವಿಗೆ ಅದು ಬೇಕೆಂದೇ ಅರ್ಥ. ಶಾಲಾಪೂರ್ವ ಮಕ್ಕಳ ಮೇಲೆ 2013ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಬೆಳಿಗ್ಗೆ ಕಲಿಸಿದ ನೆನಪಿನಾಟವನ್ನು ಮಧ್ಯಾಹ್ನ ಮಲಗೆದ್ದವರು ಚೆನ್ನಾಗಿ ನೆನಪಿಟ್ಟುಕೊಂಡರು. ದಿನಾ ಮಲಗುವ ರೂಢಿಯವರನ್ನು ಎಚ್ಚರವಿರಿಸಿದಾಗ ಆದ ನಷ್ಟವನ್ನು ರಾತ್ರಿಯ ನಿದ್ದೆಯೂ ತುಂಬಿಕೊಡಲಿಲ್ಲ. ನಾಲ್ಕು ಗಂಟೆಯ ಮೇಲೆ ಮಾತ್ರ ಮಲಗಿರಲು ಬಿಡಬೇಡಿ.

ಮೊಬೈಲ್ ಇಲ್ದೆ ಊಟಾನೂ ಇಲ್ಲ, ನಿದ್ದೇನೂ ಇಲ್ಲ.

ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿಯ ಮಾತು ನೇರವಾಗಿದೆ: ಎರಡು ವರ್ಷದೊಳಗೆ ಮೊಬೈಲು-ಟೀವಿಯ ಪರದೆ ಬೇಡವೇ ಬೇಡ (ಊರಿನ ಅಜ್ಜ-ಅಜ್ಜಿಯ ವಿಡಿಯೊ ಕರೆ ಪರವಾಗಿಲ್ಲ), ಎರಡರಿಂದ ಐದು ವರ್ಷಕ್ಕೆ ದಿನಕ್ಕೆ ಒಂದು ಗಂಟೆ ಮೀರಬಾರದು. ಮಲಗುವ ಮೊದಲಿನ ಒಂದು ಗಂಟೆ ಯಾರಿಗೂ ಬೇಡ. ಫೋನುಗಳೆಲ್ಲ ರಾತ್ರಿ ಅಡುಗೆಮನೆಯಲ್ಲಿ ಚಾರ್ಜಿಗಿರಲಿ, ನಿಮ್ಮದೂ ಸೇರಿ. ಮೊದಲ ಮೂರ್ನಾಲ್ಕು ರಾತ್ರಿ ರಂಪವಾಗುತ್ತದೆ, ಆಗಲಿ. ಹದಿಹರೆಯದವರಲ್ಲಿ ಆಟದ ಚಟ ರಾತ್ರಿಯನ್ನೇ ನುಂಗಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಇದಕ್ಕೆಂದೇ ‘ಶಟ್’ ಹೆಸರಿನ ಕ್ಲಿನಿಕ್ ಇದೆ.

ನಡುರಾತ್ರಿ ಚೀರ್ಕೊಂಡು ಏಳ್ತಾನೆ. ಕಣ್ಣು ಬಿಟ್ಟಿದ್ರೂ ನಮ್ಮ ಗುರುತೇ ಇರಲ್ಲ. ದೃಷ್ಟಿ ತೆಗೆದ್ವಿ, ತಾಯತ ಕಟ್ಟಿಸಿದ್ವಿ.

ಮಲಗಿದ ಒಂದರಿಂದ ಮೂರು ಗಂಟೆಯೊಳಗೆ ಹೀಗಾಗುತ್ತಿದ್ದು, ಬೆಳಿಗ್ಗೆ ಅವನಿಗೆ ಏನೂ ನೆನಪಿಲ್ಲದಿದ್ದರೆ ಇದು ನಿದ್ರಾಭೀತಿ. ಮಿದುಳಿನ ಒಂದು ಭಾಗ ಗಾಢ ನಿದ್ದೆಯಲ್ಲೇ ಉಳಿದು ಇನ್ನೊಂದು ಭಾಗ ಎಚ್ಚರಗೊಳ್ಳುವ ಸ್ಥಿತಿ. ನೋಡುವವರಿಗೆ ಎದೆ ಒಡೆಯುತ್ತದೆ, ಮಗುವಿಗೆ ಗೊತ್ತೇ ಇರುವುದಿಲ್ಲ. ಅಲುಗಾಡಿಸಿ ಎಬ್ಬಿಸಬೇಡಿ, ಮುಖಕ್ಕೆ ನೀರು ಹಾಕಬೇಡಿ, ಬಿದ್ದು ಪೆಟ್ಟಾಗದಂತೆ ಪಕ್ಕದಲ್ಲಿರಿ. ಕೆಲವೇ ನಿಮಿಷಗಳಲ್ಲಿ ತಣಿಯುತ್ತದೆ. ಜ್ವರ, ನಿದ್ದೆಯ ಕೊರತೆ ಇದನ್ನು ಹೆಚ್ಚಿಸುತ್ತವೆ, ಮನೆತನದಲ್ಲಿ ಬರುವುದೂ ಉಂಟು. ದಿನಾ ಅದೇ ಹೊತ್ತಿಗೆ ಆಗುತ್ತಿದ್ದರೆ, ಅದಕ್ಕೆ ಹದಿನೈದು-ಇಪ್ಪತ್ತು ನಿಮಿಷ ಮುಂಚೆ ಮೆಲ್ಲಗೆ ಎಬ್ಬಿಸಿ ಮತ್ತೆ ಮಲಗಿಸಿ. ಕೆಲವು ವಾರ ಹೀಗೆ ಮಾಡಿದರೆ ಸಾಮಾನ್ಯವಾಗಿ ನಿಲ್ಲುತ್ತದೆ. ಕೆಟ್ಟ ಕನಸು ಬೇರೆ: ಅದು ಬೆಳಗಿನ ಜಾವದಲ್ಲಿ ಬರುತ್ತದೆ, ಮಗು ಪೂರ್ತಿ ಎದ್ದು ಕಥೆ ಹೇಳುತ್ತದೆ, ಅಪ್ಪಿಕೊಂಡರೆ ಸಮಾಧಾನವಾಗುತ್ತದೆ. ಕೈಕಾಲು ಒಂದೇ ಲಯದಲ್ಲಿ ಅದುರುವುದು, ಜೊಲ್ಲು ಸುರಿಯುವುದು, ಒಂದೇ ರಾತ್ರಿ ಹಲವು ಸಲ ಬರುವುದು ಕಂಡರೆ ಮೊಬೈಲಿನಲ್ಲಿ ಚಿತ್ರಿಸಿಕೊಂಡು ವೈದ್ಯರಿಗೆ ತೋರಿಸಿ, ಅದು ಮೂರ್ಛೆರೋಗ ಇರಬಹುದು. ಮೊಬೈಲಿಗೆ ರಾತ್ರಿ ಇದೊಂದು ಒಳ್ಳೆಯ ಉಪಯೋಗ.

ಆರು ವರ್ಷ. ಇನ್ನೂ ಹಾಸಿಗೇಲಿ ಉಚ್ಚೆ.

ಬೈಯಬೇಡಿ, ನೆಂಟರ ಮುಂದೆ ಹೇಳಬೇಡಿ. ಐದು ವರ್ಷದ ನೂರು ಮಕ್ಕಳಲ್ಲಿ ಸುಮಾರು ಹದಿನೈದು ಮಕ್ಕಳಿಗೆ ಹೀಗಾಗುತ್ತದೆ, ವರ್ಷ ಕಳೆದಂತೆ ತಾನೇ ಕಡಿಮೆಯಾಗುತ್ತದೆ. ಆರು ತಿಂಗಳು ನಿಂತು ಮತ್ತೆ ಶುರುವಾಗಿದ್ದರೆ ತಪ್ಪದೆ ತೋರಿಸಿ. ಮಲಬದ್ಧತೆ, ಮೂತ್ರದ ಸೋಂಕು, ಸಕ್ಕರೆ ಕಾಯಿಲೆ, ಮನಸ್ಸಿನ ನೋವು, ಎಲ್ಲವನ್ನೂ ನೋಡಬೇಕಾಗುತ್ತದೆ.

## ವೈದ್ಯರ ಬಳಿ ಹೋಗಬೇಕಾದಾಗ

ಗೊರಕೆ ಹೊಡೀತಾಳೆ. ಒಳ್ಳೆ ಗಾಢ ನಿದ್ದೆ ಅಂತ ಖುಷಿಪಡ್ತಿದ್ವಿ.

ಶೀತವಾದಾಗ ಸರಿ. ವಾರದಲ್ಲಿ ಮೂರಕ್ಕಿಂತ ಹೆಚ್ಚು ರಾತ್ರಿ ಗೊರಕೆ, ಬಾಯಿ ತೆರೆದು ಉಸಿರಾಟ, ಉಸಿರು ನಿಂತು ‘ಗಕ್’ ಎಂದು ಮತ್ತೆ ಶುರುವಾಗುವುದು, ಕುತ್ತಿಗೆ ಹಿಂದಕ್ಕೆ ಚಾಚಿ ಮಲಗುವುದು, ತಲೆದಿಂಬು ತೊಯ್ಯುವಷ್ಟು ಬೆವರು ಇದ್ದರೆ ಕಿವಿ-ಮೂಗು-ಗಂಟಲಿನ ವೈದ್ಯರನ್ನು ಕಾಣಿ. ಮೂಗಿನ ಹಿಂದಿನ ಅಡೆನಾಯ್ಡ್ ಮತ್ತು ಟಾನ್ಸಿಲ್ ಊದಿ ಉಸಿರಿಗೆ ಅಡ್ಡಿಯಾಗುವುದು ಮಕ್ಕಳಲ್ಲಿ ಸಾಮಾನ್ಯ ಕಾರಣ. ನೂರರಲ್ಲಿ ಒಂದರಿಂದ ಐದು ಮಕ್ಕಳಿಗೆ ನಿದ್ದೆಯಲ್ಲಿ ಉಸಿರು ತಡೆಯುವ ಈ ತೊಂದರೆಯಿದೆ. ಹತ್ತು ಗಂಟೆ ಮಲಗಿದರೂ ಇವರಿಗೆ ನಿದ್ದೆ ಸಾಲದು. ತರಗತಿಯಲ್ಲಿ ‘ಒಂದು ಕಡೆ ಕೂರಲ್ಲ, ಗಮನ ಕೊಡಲ್ಲ’ ಎಂಬ ದೂರು ಬರುವವರಲ್ಲಿ ಕೆಲವರ ಮೂಲ ಸಮಸ್ಯೆ ಇದೇ.

ರಾತ್ರಿಯಿಡೀ ಕಾಲು ಒದ್ದಾಡ್ತಾನೆ, ‘ಕಾಲು ಎಳೀತಿದೆ, ಒತ್ತು’ ಅಂತಾನೆ.

ಬೆಳೆಯುವ ಮಕ್ಕಳ ಕಾಲುನೋವು ಎಂದು ಸುಮ್ಮನಾಗುವ ಮೊದಲು ರಕ್ತದಲ್ಲಿ ಹಿಮೋಗ್ಲೋಬಿನ್ ಮತ್ತು ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣಾಂಶದ ಅಳತೆ) ನೋಡಿಸಿ. ಕಬ್ಬಿಣಾಂಶ ಕಡಿಮೆಯಾದರೆ ಕಾಲಿನ ಚಡಪಡಿಕೆ, ಹೊರಳಾಟ ಹೆಚ್ಚು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019-21ರ ಸುತ್ತಿನಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ಭಾರತದ ಮಕ್ಕಳಲ್ಲಿ ಶೇ 67.1ರಷ್ಟು ಮಂದಿಗೆ ರಕ್ತಹೀನತೆ ಕಂಡಿತು, ಅಂದರೆ ಇದು ಅಪರೂಪದ ಮಾತಲ್ಲ. ಆಶಾ ಕಾರ್ಯಕರ್ತೆಯರ ಮೂಲಕ ಬರುವ ಕಬ್ಬಿಣಾಂಶದ ಸಿರಪ್ಪನ್ನು ಕಪಾಟಿನಲ್ಲಿಡದೆ ಕೊಡಿ. ಊಟದ ಜೊತೆಗೆ ಚಹಾ ಬೇಡ, ಕಬ್ಬಿಣಾಂಶ ಮೈಗೆ ಹತ್ತಲು ಅದು ಬಿಡುವುದಿಲ್ಲ.

ಮೆಲಟೋನಿನ್ ಗಮ್ಮಿ ಆನ್‌ಲೈನಲ್ಲಿ ಸಿಗುತ್ತೆ. ಚಾಕೊಲೇಟ್ ಥರಾನೇ ಅಲ್ವಾ?

ಅಲ್ಲ, ಅದು ಹಾರ್ಮೋನು. ಅಮೆರಿಕದಲ್ಲಿ 2023ರಲ್ಲಿ 25 ಬಗೆಯ ಗಮ್ಮಿಗಳನ್ನು ಪರೀಕ್ಷಿಸಿದಾಗ 22ರಲ್ಲಿ ಚೀಟಿಯ ಮೇಲಿನ ಪ್ರಮಾಣಕ್ಕೂ ಒಳಗಿದ್ದದ್ದಕ್ಕೂ ತಾಳೆಯಾಗಲಿಲ್ಲ. ಒಂದರಲ್ಲಿ ಮೂರು ಪಟ್ಟಿಗಿಂತ ಹೆಚ್ಚಿತ್ತು. ಆಟಿಸಂ ಮುಂತಾದ ಸ್ಥಿತಿಯಿರುವ ಕೆಲವು ಮಕ್ಕಳಿಗೆ ವೈದ್ಯರು ಅಳತೆ ಹೇಳಿ ಕೊಡುತ್ತಾರೆ. ಉಳಿದವರಿಗೆ ಟ್ಯೂಬ್‌ಲೈಟ್ ಆರಿಸುವುದೇ ಅಗ್ಗ.

## ಹದಿಹರೆಯ, ಪರೀಕ್ಷೆ, ಶಾಲೆಯ ಗಂಟೆ

ಎಸ್ಸೆಸ್ಸೆಲ್ಸಿ ಮಗ. ಬೆಳಗಿನ ಜಾವ ನಾಲ್ಕಕ್ಕೆ ಎಬ್ಬಿಸಿ ಓದಿಸ್ತೀವಿ. ಬ್ರಾಹ್ಮೀ ಮುಹೂರ್ತದಲ್ಲಿ ಓದಿದ್ದು ಮರೆಯಲ್ಲ ಅಂತಾರಲ್ಲ?

ರಾತ್ರಿ ಎಂಟಕ್ಕೆ ಮಲಗಿ ನಾಲ್ಕಕ್ಕೆ ಎದ್ದರೆ ನನ್ನ ತಕರಾರಿಲ್ಲ. ಆ ಮುಹೂರ್ತದ ಪದ್ಧತಿ ಹುಟ್ಟಿದ್ದೂ ಕತ್ತಲಾಗುತ್ತಲೇ ಮಲಗುತ್ತಿದ್ದ ಕಾಲದಲ್ಲಿ. ಹನ್ನೊಂದಕ್ಕೆ ಮಲಗಿಸಿ ನಾಲ್ಕಕ್ಕೆ ಎಬ್ಬಿಸಿದರೆ ಐದು ಗಂಟೆ, ಬೇಕಾದದ್ದು ಎಂಟಾದರೂ. ಕಳೆದುಹೋಗುವುದು ಬೆಳಗಿನ ಜಾವದ ಕಣ್ಣಾಲಿ ಓಡಾಡುವ ನಿದ್ದೆ, ಅದು ರಾತ್ರಿಯ ಕೊನೆಯ ಭಾಗದಲ್ಲೇ ಹೆಚ್ಚು. ಇದರ ಜೊತೆಗೆ ಹದಿಹರೆಯದಲ್ಲಿ ಮೆಲಟೋನಿನ್ ಸ್ರವಿಸುವ ಹೊತ್ತೇ ಒಂದರಿಂದ ಎರಡು ಗಂಟೆ ತಡವಾಗುತ್ತದೆ. ‘ಹತ್ತಕ್ಕೆ ಮಲಗು ಅಂದ್ರೆ ನಿದ್ದೆ ಬರಲ್ಲ ಅಂತಾನೆ’ ಎಂಬುದು ಸೋಗಲ್ಲ. ನನ್ನ ಸಲಹೆ: ಹತ್ತರೊಳಗೆ ಪುಸ್ತಕ ಮುಚ್ಚಿ, ಆರಕ್ಕೆ ಏಳಿ, ಓದಿನ ಹೊತ್ತನ್ನು ಸಂಜೆ ಐದರಿಂದಲೇ ಹೊಂದಿಸಿ. ಪರೀಕ್ಷೆಯ ಹಿಂದಿನ ರಾತ್ರಿ ಹೊಸ ಪಾಠ ಬೇಡ. ಟ್ಯೂಷನ್ ಒಂದನ್ನು ಬಿಡಿಸಿದರೆ ಬಹಳ ಮನೆಗಳಲ್ಲಿ ಈ ಲೆಕ್ಕ ತಾನೇ ಸರಿಹೋಗುತ್ತದೆ, ಆದರೆ ಆ ಸಲಹೆಯನ್ನು ಇದುವರೆಗೆ ಒಪ್ಪಿದವರು ಕಡಿಮೆ.

ಶಾಲೆ ಬಸ್ಸು ಆರು ಮುಕ್ಕಾಲಿಗೇ ಬರುತ್ತೆ. ನಾವೇನು ಮಾಡೋಕಾಗುತ್ತೆ?

ಒಬ್ಬರೇ ಮಾಡಲಾಗದು, ನಿಜ. ಅಮೆರಿಕದ ಮಕ್ಕಳ ವೈದ್ಯರು 2014ರಲ್ಲೇ ಹದಿಹರೆಯದವರ ಶಾಲೆ 8.30ಕ್ಕೆ ಮುಂಚೆ ಬೇಡ ಎಂದರು. ಕ್ಯಾಲಿಫೋರ್ನಿಯಾ 2019ರಲ್ಲಿ ಅದನ್ನು ಪ್ರೌಢಶಾಲೆಗಳಿಗೆ ಕಾನೂನು ಮಾಡಿತು, 2022ರಿಂದ ಜಾರಿಯಲ್ಲಿದೆ. ದೂರ ಹೋಗಬೇಕಿಲ್ಲ: ಮಕ್ಕಳಿಗೆ ನಿದ್ದೆ ಸಾಲುತ್ತಿಲ್ಲವೆಂಬ ಕಾರಣಕ್ಕೇ ಮಹಾರಾಷ್ಟ್ರ ಸರ್ಕಾರ 2024ರಲ್ಲಿ ನಾಲ್ಕನೇ ತರಗತಿಯವರೆಗಿನ ಶಾಲೆಗಳು ಬೆಳಿಗ್ಗೆ 9ಕ್ಕೆ ಮುಂಚೆ ಶುರುವಾಗಬಾರದೆಂದು ಸೂಚಿಸಿತು. ಬೆಂಗಳೂರಿನಲ್ಲಿ 2023ರಲ್ಲಿ ಶಾಲೆಯ ಹೊತ್ತಿನ ಚರ್ಚೆ ನಡೆದದ್ದು ಸಂಚಾರ ದಟ್ಟಣೆಗಾಗಿ, ಅದೂ ಇನ್ನಷ್ಟು ಬೇಗ ಆರಂಭಿಸುವ ಬಗ್ಗೆ. ಶಾಲೆಗಳೂ ಪೋಷಕರೂ ಒಪ್ಪಲಿಲ್ಲ. ಪೋಷಕರ ಸಭೆಯಲ್ಲಿ ಇದನ್ನು ಎತ್ತಿ. ಸಾಧ್ಯವಾದರೆ ಮನೆಗೆ ಹತ್ತಿರದ ಶಾಲೆಯನ್ನೇ ಆರಿಸಿ. ನಲವತ್ತು ನಿಮಿಷ ಕಡಿಮೆ ಪ್ರಯಾಣ ಅಂದರೆ ನಲವತ್ತು ನಿಮಿಷ ಹೆಚ್ಚು ನಿದ್ದೆ, ಶಾಲೆಯ ಈಜುಕೊಳಕ್ಕಿಂತ ಅದು ಮೇಲು.

ಭಾನುವಾರ ಹನ್ನೊಂದರ ತನಕ ಮಲಗ್ತಾಳೆ. ಬಿಡಬೇಕಾ, ಎಬ್ಬಿಸಬೇಕಾ?

ವಾರದ ಬಾಕಿ ತೀರಿಸುತ್ತಿದ್ದಾಳೆ. ಮಾಮೂಲಿಗಿಂತ ಒಂದು, ಹೆಚ್ಚೆಂದರೆ ಎರಡು ಗಂಟೆ ಬಿಡಿ. ಅದಕ್ಕಿಂತ ಹೆಚ್ಚಾದರೆ ಭಾನುವಾರ ರಾತ್ರಿ ನಿದ್ದೆ ಬಾರದೆ ಸೋಮವಾರ ಮತ್ತೆ ಅದೇ ಕಥೆ. ಬಾಕಿ ಉಳಿದರೆ ಮಧ್ಯಾಹ್ನ ಅರ್ಧ ಗಂಟೆ ಮಲಗಲಿ.

ರಜಕ್ಕೆ ಕ್ಯಾಲಿಫೋರ್ನಿಯಾದಿಂದ ಮೈಸೂರಿಗೆ ಮೊಮ್ಮಕ್ಕಳು ಬರ್ತಾರೆ. ರಾತ್ರಿ ಎರಡಕ್ಕೆ ಎದ್ದು ಆಟ ಶುರು ಮಾಡ್ತಾವೆ!

ಬೇಸಿಗೆಯಲ್ಲಿ ಹನ್ನೆರಡೂವರೆ ಗಂಟೆಯ ವ್ಯತ್ಯಾಸ, ಅವರ ಮೈಗೆ ಅದು ಮಧ್ಯಾಹ್ನ. ಸರಿಹೋಗಲು ಒಂದು ವಾರದಿಂದ ಹತ್ತು ದಿನ ಹಿಡಿಯಬಹುದು. ಬಂದ ಮರುದಿನದಿಂದಲೇ ಬೆಳಿಗ್ಗೆ ಏಳಕ್ಕೆ ಎಬ್ಬಿಸಿ ಹೊರಗೆ ಕರೆದುಕೊಂಡು ಹೋಗಿ. ಹಗಲು ನಿದ್ದೆ ಒಂದು ಗಂಟೆ ಹೊತ್ತು ಸಾಕು, ‘ಪಾಪ ಮಲಗಲಿ’ ಎಂದು ಸಂಜೆ ಆರರವರೆಗೆ ಬಿಡಬೇಡಿ. ರಾತ್ರಿ ಎರಡಕ್ಕೆ ಎದ್ದರೆ ದೊಡ್ಡ ದೀಪ, ಟೀವಿ ಬೇಡ. ಹಸಿವಾಗಿರುತ್ತದೆ, ಬಾಳೆಹಣ್ಣೋ ಮೊಸರನ್ನವೋ ಕೊಟ್ಟು ಕತ್ತಲಲ್ಲೇ ಕಥೆ ಹೇಳಿ. ನೆಂಟರ ಮನೆ ಸುತ್ತಾಟ, ಚಾಮುಂಡಿ ಬೆಟ್ಟ, ಮೃಗಾಲಯ ಎಲ್ಲವನ್ನೂ ಮೊದಲ ನಾಲ್ಕು ದಿನದಲ್ಲೇ ತುಂಬಬೇಡಿ, ಎರಡನೇ ವಾರಕ್ಕಿಡಿ.